ಮುಟುರು ರೋಗಕ್ಕೆ ಮದ್ದು ಯಾವ ಅಂಗಡಿಯಲ್ಲಿದೆ?

ಬೆಳಗಿನ ಆರು ಗಂಟೆಗೆ ತುಂಗಭದ್ರೆಯ ದಂಡೆಯವರೆಗೆ ನಡೆದು ಬರುವುದು ನಿವೃತ್ತಿಯ ತರುವಾಯ ನಾನು ರೂಢಿಸಿಕೊಂಡ ಅಭ್ಯಾಸ. ನಮ್ಮ ಐರಣಿಯ ಪಾಳುಬಿದ್ದ ಕೋಟೆಯ ಗೋಡೆಯನ್ನು ದಾಟಿ, ಹೊಲಗಳ ನಡುವಿನ ದಾರಿ ಹಿಡಿದರೆ ಹಿಂದೆಲ್ಲ ಮಣ್ಣಿನ ವಾಸನೆ, ಹೊಳೆಯ ವಾಸನೆ, ಸುಗ್ಗಿಯ ದಿನಗಳಲ್ಲಿ ಒಣಗಲು ಹಾಕಿದ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುತ್ತಿತ್ತು. ಈಗ ಮಳೆಗಾಲ ಕಳೆದು ಬೆಳೆ ಮೊಳಕಾಲೆತ್ತರಕ್ಕೆ ಬಂದಿತೆಂದರೆ ಬೇರೊಂದು ವಾಸನೆ ಎದುರುಗೊಳ್ಳುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಟವೆಲ್ಲು ಸುತ್ತಿಕೊಂಡು, ಸೂರ್ಯೋದಯಕ್ಕೆ ಮೊದಲೇ ಸಿಂಪಡಣೆಗೆ ನಿಂತವರ ಹೊಲಗಳಿಂದ ಬರುವ ವಾಸನೆ ಅದು.

ಅಂಥ ಒಂದು ಮುಂಜಾನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮೆಣಸಿನ ಹೊಲದಿಂದ ಕೈಯೆತ್ತಿ ನಮಸ್ಕರಿಸಿದ. ಅವನಿಗೂ ಈಗ ತಲೆ ನರೆತಿದೆ. ಹತ್ತಿರ ಹೋಗಿ ನೋಡಿದೆ. ಗಿಡಗಳು ಗಿಡ್ಡಾಗಿ, ಎಲೆಗಳು ಮುದುಡಿ, ತುದಿಯೆಲ್ಲ ಗೊಂಚಲುಗಟ್ಟಿ ನಿಂತಿದ್ದವು. ಹೂವಿದ್ದರೂ ಕಾಯಿಲ್ಲ. "ಇದು ಎಷ್ಟನೇ ಸಲ?" ಎಂದು ಕೇಳಿದೆ. "ಹನ್ನೊಂದನೇ ಎಣ್ಣಿರೀ ಸರ. ಅಂಗಡ್ಯಾಗ ಬ್ಯಾರೆ ಕಂಪನೀದು ಕೊಟ್ಟಾರ. ಇದರಿಂದ ಹೋಗತೈತಂತ" ಎಂದ. ಹೋಗಲಿಲ್ಲ. ಹೋಗುವುದೂ ಇಲ್ಲ. ಅದನ್ನು ಅವನಿಗೆ ಹೇಳಲು ನನಗೆ ಆ ಕ್ಷಣ ಬಾಯಿ ಬರಲಿಲ್ಲ. ಏಕೆಂಬುದನ್ನು ಮೊದಲು ನಿವೇದಿಸಿಕೊಂಡು, ಅನಂತರ ನನ್ನ ತಕರಾರನ್ನು ಮಂಡಿಸುತ್ತೇನೆ.

1980ರ ದಶಕದ ಒಂದು ವಾರ್ಷಿಕ ಪರೀಕ್ಷೆ. ವಿಜ್ಞಾನದ ಪತ್ರಿಕೆಯಲ್ಲಿ ನಾನೇ ಒಂದು ಪ್ರಶ್ನೆ ಹಾಕಿದ್ದೆ: "ಮೆಣಸಿನ ಗಿಡದ ಎಲೆಗಳು ಮುಟುರಿಕೊಂಡರೆ ಏನು ಮಾಡಬೇಕು?" ಎರಡು ಅಂಕ. ತರಗತಿಯ ಎಲ್ಲರೂ "ಕೀಟನಾಶಕವನ್ನು ಸಿಂಪಡಿಸಬೇಕು" ಎಂದು ನಾನು ಬರೆಯಿಸಿದ್ದ ಉತ್ತರವನ್ನೇ ಬರೆದರು. ಇವನೊಬ್ಬ ಮಾತ್ರ, "ಆ ಗಿಡ ಕಿತ್ತು ದೂರ ಒಯ್ದು ಸುಡಬೇಕು. ಇಲ್ಲದಿದ್ದರೆ ಬಾಜೂ ಗಿಡಕ್ಕೆ ಬರುತ್ತದೆ. ನಮ್ಮ ಅಮ್ಮ ಹಾಗೇ ಮಾಡುತ್ತಾಳೆ" ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಸೊನ್ನೆ ಕೊಟ್ಟು, ಪಕ್ಕದಲ್ಲಿ "ಪಾಠ ಓದು" ಎಂದು ಬರೆದೆ. ಅವನು ಪಾಠ ಓದಿದ. ಅದರ ಫಲವೇ ಆ ಹನ್ನೊಂದನೆಯ ಪಂಪು.

ಆದ್ದರಿಂದ ಓದುಗ ಮಹಾಶಯರೇ, ಈ ಲೇಖನದಲ್ಲಿ ನಾನು ಯಾರನ್ನು ದೂರಿದರೂ ಆ ಯಾದಿಯ ಮೊದಲ ಹೆಸರು ನನ್ನದೇ ಎಂದು ತಿಳಿಯಬೇಕು. ನನ್ನ ವಾದ ಇಷ್ಟೇ: ಎಲೆ ಮುಟುರುವಂಥ ನಂಜುರೋಗಗಳು ಒಂದು ಗಿಡದ ರೋಗಗಳಲ್ಲ, ಒಬ್ಬನ ಹೊಲದ ರೋಗಗಳೂ ಅಲ್ಲ. ಅವು ರೋಗಾಣು, ಗಿಡ ಮತ್ತು ಕೀಟ ಎಂಬ ಮೂವರ ನಡುವಿನ ವ್ಯವಹಾರ. ಆ ವ್ಯವಹಾರ ನಡೆಯುವುದು ಇಡೀ ಊರಿನ ಸೀಮೆಯಲ್ಲಿ. ಅದನ್ನು ಒಬ್ಬನ ಬೆನ್ನಿನ ಮೇಲಿನ ಪಂಪಿನಿಂದ ನಿಲ್ಲಿಸುತ್ತೇವೆಂದು ಹೇಳುವುದು ಅಜ್ಞಾನ. ತಿಳಿದೂ ಹೇಳುವುದು ವಂಚನೆ.

ಮೊದಲು ಭಾಷೆಯ ಮಾತು. ಮೇಷ್ಟ್ರ ಚಾಳಿ, ಕ್ಷಮಿಸಬೇಕು. ಕೀಟವನ್ನು ಕೊಲ್ಲುವ ವಿಷಕ್ಕೆ ನಮ್ಮ ಸೀಮೆಯಲ್ಲಿ "ಎಣ್ಣೆ" ಎನ್ನುತ್ತೇವೆ. ಓದಿದವರು "ಔಷಧಿ" ಎನ್ನುತ್ತಾರೆ. ಎಣ್ಣೆ ಎಂದರೆ ದೀಪಕ್ಕೆ ಹಾಕುವಂಥದು, ತಲೆಗೆ ಹಚ್ಚುವಂಥದು. ಔಷಧಿ ಎಂದರೆ ರೋಗಿಯನ್ನು ಗುಣಪಡಿಸುವಂಥದು. ಈ ಡಬ್ಬಿಗಳಲ್ಲಿರುವುದು ಎರಡೂ ಅಲ್ಲ. ಅದು ಕೀಟಕ್ಕೆ ವಿಷ, ಗಿಡಕ್ಕೆ ಔಷಧಿಯಲ್ಲ. ವೈರಸ್ ಒಮ್ಮೆ ಹೊಕ್ಕ ಗಿಡವನ್ನು ಹೊಲದಲ್ಲಿ ನಿಂತಲ್ಲೇ ಗುಣಪಡಿಸಬಲ್ಲ ಔಷಧಿ ಇಂದಿಗೂ ಜಗತ್ತಿನ ಯಾವ ಅಂಗಡಿಯಲ್ಲೂ ಇಲ್ಲ. ಈ ಒಂದು ವಾಕ್ಯವನ್ನು ಪ್ರತಿ ಊರಿನ ಅಗಸೆಬಾಗಿಲ ಮೇಲೆ ಬರೆಯಿಸಬೇಕೆಂದು ನನಗೆ ಅನಿಸುತ್ತದೆ. ಹೆಸರು ತಪ್ಪಿದರೆ ವಿಚಾರ ತಪ್ಪುತ್ತದೆ. ವಿಚಾರ ತಪ್ಪಿದರೆ ಹಣ ಹೋಗುತ್ತದೆ.

ಭಾಷೆಯ ಇನ್ನೊಂದು ಗೊಂದಲವೂ ಇದೆ. ಎಲೆ ಮುದುಡಿದ್ದಕ್ಕೆಲ್ಲ ನಾವು ಒಂದೇ ಹೆಸರು ಹೇಳುತ್ತೇವೆ: ಮುಟುರು. ಆದರೆ ಮೆಣಸಿನ ಎಲೆ ಮುಟುರಲು ಕಾರಣ ಒಂದಲ್ಲ, ಕನಿಷ್ಠ ಮೂರು. ಥ್ರಿಪ್ಸ್ ಎಂಬ ಸಣ್ಣ ಕೀಟ ಎಲೆಯನ್ನು ಕೆರೆದು ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗುತ್ತದೆ. ಮೈಟ್ ಎಂಬ ಎಂಟು ಕಾಲಿನ ಪ್ರಾಣಿ ಹೀರಿದರೆ ಎಲೆ ಕೆಳಮುಖವಾಗಿ ಮಡಚಿ, ತೊಟ್ಟು ಉದ್ದವಾಗುತ್ತದೆ. ಮೂರನೆಯದು ವೈರಸ್, ಅದನ್ನು ತರುವುದು ಬಿಳಿನೊಣ. ಆಗ ಎಲೆ ಸುರುಳಿಗಟ್ಟಿ, ನರಗಳು ದಪ್ಪನಾಗಿ, ಗಿಡವೇ ಕುಬ್ಜವಾಗುತ್ತದೆ. ಥ್ರಿಪ್ಸ್‌ಗೂ ಮೈಟ್‌ಗೂ ಕನ್ನಡದಲ್ಲಿ "ನುಸಿ" ಎಂದೇ ಹೇಳುವುದರಿಂದ ಕೇಳುವವನಿಗೂ ಕೊಡುವವನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮೈಟ್ ಕೀಟವೇ ಅಲ್ಲ, ಜೇಡನ ಬಳಗದ್ದು. ಕೀಟಗಳಿಗೆಂದು ತಯಾರಾದ ಅನೇಕ ವಿಷಗಳು ಅದಕ್ಕೆ ತಾಗುವುದಿಲ್ಲ. ಬದಲಿಗೆ ಅದನ್ನು ತಿನ್ನುತ್ತಿದ್ದ ಹುಳಗಳು ಸತ್ತು, ಮೈಟ್ ಇನ್ನಷ್ಟು ಹೆಚ್ಚುತ್ತದೆ. ರೋಗ ಯಾವುದೆಂದು ತಿಳಿಯದೆ ಮದ್ದು ಕೊಡುವ ವೈದ್ಯನನ್ನು ನಾವು ಏನೆನ್ನುತ್ತೇವೆ?

ಈಗ ಆ ಮೂರನೆಯ ಕಾರಣದ ಒಳಗನ್ನು ಸ್ವಲ್ಪ ನೋಡೋಣ. ಈ ವೈರಸ್ಸುಗಳ ಕುಟುಂಬಕ್ಕೆ ವಿಜ್ಞಾನಿಗಳು ಮಿಥುನ ರಾಶಿಯ ಲ್ಯಾಟಿನ್ ಹೆಸರನ್ನೇ ಇಟ್ಟು ಜೆಮಿನಿ ವೈರಸ್ ಎಂದು ಕರೆದಿದ್ದಾರೆ. ಎರಡು ಕಣಗಳು ಅವಳಿ ಮಕ್ಕಳಂತೆ ಅಂಟಿಕೊಂಡಿರುವುದೇ ಅದಕ್ಕೆ ಕಾರಣ. ಕಣದ ಉದ್ದ ಸುಮಾರು 30 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಮೂವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಇದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ಗಾಳಿಯಲ್ಲಿ ತೇಲಿ ಬರುವ ಶಕ್ತಿಯಿಲ್ಲ. ಮುಟ್ಟಿದರೆ ಹರಡುವುದೂ ಇಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗಲು ಇದು ಏರುವ ವಾಹನವೆಂದರೆ ಎಲೆಯ ತಳಭಾಗದಲ್ಲಿ ಕೂರುವ, ಒಂದು ಮಿಲಿಮೀಟರ್ ಗಾತ್ರದ ಬಿಳಿನೊಣ.

ವಾಹನವೆಂದರೆ ಬರಿಯ ವಾಹನವಲ್ಲ. ರೋಗದ ಗಿಡದ ರಸ ಹೀರಿದ ಬಿಳಿನೊಣದ ಕರುಳಿನ ಗೋಡೆಯನ್ನು ವೈರಸ್ ದಾಟುತ್ತದೆ, ಅದರ ದೇಹದ್ರವದಲ್ಲಿ ಸಂಚರಿಸುತ್ತದೆ, ಕೊನೆಗೆ ಜೊಲ್ಲಿನ ಗ್ರಂಥಿಯನ್ನು ಸೇರುತ್ತದೆ. ನೊಣದ ಒಳಗೇ ವಾಸಿಸುವ ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನೊಂದು ಈ ಪ್ರಯಾಣದಲ್ಲಿ ವೈರಸ್ಸನ್ನು ಕಾಪಾಡುತ್ತದೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಈ ಸಂಚಾರಕ್ಕೆ ಹಲವು ತಾಸು ಬೇಕು. ಆಮೇಲೆ ಆ ನೊಣ ಬಹುಮಟ್ಟಿಗೆ ಬದುಕಿರುವವರೆಗೂ ರೋಗವಾಹಕ. ಹೊಸ ಗಿಡದ ಮೇಲೆ ಒಂದು ತಾಸಿನಷ್ಟು ಕುಳಿತು ರಸ ಹೀರಿದರೂ ಸಾಕು, ಕೆಲಸ ಮುಗಿಯಿತು.

ಗಿಡದಲ್ಲಿ ಲಕ್ಷಣ ಕಾಣುವುದು ಯಾವಾಗ? ಎರಡು ಮೂರು ವಾರಗಳ ನಂತರ. ಅಂದರೆ ಎಲೆ ಮುದುಡಿದ್ದನ್ನು ಕಂಡು ರೈತ ಅಂಗಡಿಗೆ ಓಡುವ ದಿನ, ಅಪರಾಧ ನಡೆದು ಪಕ್ಷಗಳು ಕಳೆದಿರುತ್ತವೆ. ಅಪರಾಧ ಮಾಡಿದ ನೊಣ ಅಲ್ಲಿರುವ ಖಾತ್ರಿಯೂ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಎಂಬ ಗಾದೆಯನ್ನು ಕೋಟೆಯುಳ್ಳ ನಮ್ಮೂರಿನವರಿಗೆ ವಿವರಿಸಬೇಕಾಗಿಲ್ಲ.

ಮೆಣಸಿನ ಮೊಸಾಯಿಕ್ ರೋಗದ ಕಥೆ ಇನ್ನೂ ವಿಚಿತ್ರ. ಅದನ್ನು ಹರಡುವುದು ಸಸ್ಯಹೇನು. ಇಲ್ಲಿ ವೈರಸ್ ಕೀಟದ ದೇಹದೊಳಗೆ ಸಂಚರಿಸುವುದೇ ಇಲ್ಲ. ಸೂಜಿಯಂಥ ಬಾಯಿಯ ತುದಿಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಹೇನು ಹೊಸ ಗಿಡದ ಮೇಲೆ ಇಳಿದು ರುಚಿ ನೋಡಲು ಬಾಯಿ ಚುಚ್ಚಿದ ಕೆಲವು ಸೆಕೆಂಡುಗಳಲ್ಲಿ ರೋಗ ದಾಟಿರುತ್ತದೆ. ವಿಷ ತಗುಲಿದ ಹೇನು ಸಾಯಲು ನಿಮಿಷಗಳಾದರೂ ಬೇಕು. ಸಾಯುವ ಮುನ್ನ ಕಸಿವಿಸಿಗೊಂಡು ಇನ್ನೂ ನಾಲ್ಕು ಗಿಡ ಚುಚ್ಚಿ ಸಾಯುತ್ತದೆ. ಇಂಥ ರೋಗಕ್ಕೆ ಕೀಟನಾಶಕ ಹೊಡೆದರೆ ರೋಗ ಹರಡುವ ವೇಗ ಹೆಚ್ಚಲೂಬಹುದು. ಇದು ನನ್ನ ಕಲ್ಪನೆಯಲ್ಲ. ಸಸ್ಯರೋಗಶಾಸ್ತ್ರದ ಪಠ್ಯಗಳಲ್ಲಿ ದಶಕಗಳಿಂದ ಇರುವ ಸಂಗತಿ. ಅದು ಕಾಲೇಜಿನ ಕಪಾಟಿನಿಂದ ಐರಣಿಯ ಹೊಲಕ್ಕೆ ಇಳಿಯಲಿಲ್ಲ.

ಮೂವರ ವ್ಯವಹಾರ ಎಂದೆನಲ್ಲ, ಅದರಲ್ಲಿ ಪಾಲುದಾರಿಕೆಯೂ ಇದೆ. 2007ರಲ್ಲಿ ಚೀನಾದ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಎಲೆ ಮುಟುರು ವೈರಸ್ ತಗುಲಿದ ತಂಬಾಕಿನ ಗಿಡಗಳ ಮೇಲೆ ಬೆಳೆದ ಒಂದು ಜಾತಿಯ ಬಿಳಿನೊಣಗಳು, ಆರೋಗ್ಯವಂತ ಗಿಡಗಳ ಮೇಲೆ ಬೆಳೆದವುಗಳಿಗಿಂತ ಹೆಚ್ಚು ದಿನ ಬದುಕಿದವು, ಹೆಚ್ಚು ಮೊಟ್ಟೆಯಿಟ್ಟವು. ಕೀಟಗಳ ವಿರುದ್ಧ ಗಿಡ ತಾನಾಗಿ ಮಾಡಿಕೊಳ್ಳುವ ರಕ್ಷಣೆಯನ್ನು ವೈರಸ್ ತಂಡ ಕುಂದಿಸುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂತು. ಅಂದರೆ ರೋಗದ ಗಿಡ ಬರಿಯ ರೋಗಿಯಲ್ಲ. ಅದು ನೊಣಗಳ ಛತ್ರ, ಊಟ ವಸತಿ ಎರಡೂ ಉಚಿತ. ಆ ಹುಡುಗನ ತಾಯಿ ಗಿಡವನ್ನು ಕಿತ್ತು ಸುಡುತ್ತಿದ್ದಳು. ಅವಳಿಗೆ ಜೆಮಿನಿ ಗೊತ್ತಿರಲಿಲ್ಲ, ಛತ್ರ ಮುಚ್ಚಬೇಕೆಂಬುದು ಗೊತ್ತಿತ್ತು. ನಾನು ಸೊನ್ನೆ ಕೊಟ್ಟದ್ದು ಅವಳಿಗೆ.

"ಕೀಟವನ್ನೇ ನಿರ್ನಾಮ ಮಾಡಿದರಾಯಿತಲ್ಲ?" ಎಂದು ಕೇಳುವವರುಂಟು. ಈ ಆಸೆ ಹೊಸದಲ್ಲ. ನಾನು ಬಾಲಕನಾಗಿದ್ದಾಗ ಮಲೇರಿಯಾ ಇಲಾಖೆಯವರು ಮನೆಮನೆಗೆ ಬಂದು ಗೋಡೆಗಳಿಗೆ ಡಿ.ಡಿ.ಟಿ. ಹೊಡೆದು, ಬಾಗಿಲ ಮೇಲೆ ದಿನಾಂಕ ಬರೆದು ಹೋಗುತ್ತಿದ್ದರು. ಅದರ ವಾಸನೆ ಇನ್ನೂ ನೆನಪಿದೆ. 1953ರಲ್ಲಿ "ನಿಯಂತ್ರಣ" ಎಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ 1958ರಲ್ಲಿ "ನಿರ್ಮೂಲನ" ಎಂದು ಹೆಸರು ಬದಲಿಸಿಕೊಂಡಿತು. 1960ರ ದಶಕದ ಮಧ್ಯಭಾಗದಲ್ಲಿ ದೇಶದ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು, ಗೆದ್ದೆವೆಂದುಕೊಂಡೆವು. 1976ರಲ್ಲಿ ಅವು 64 ಲಕ್ಷವನ್ನು ದಾಟಿದವು. ಸೊಳ್ಳೆಗಳು ಡಿ.ಡಿ.ಟಿ.ಗೆ ಒಗ್ಗಿಕೊಂಡದ್ದು ಅದರ ಕಾರಣಗಳಲ್ಲೊಂದು. ಸೊಳ್ಳೆಯ ವಿಷಯದಲ್ಲಿ ನಾವು ಪಾಠ ಕಲಿತೆವು: ನಿಂತ ನೀರು ಚೆಲ್ಲಬೇಕು, ಪರದೆ ಕಟ್ಟಬೇಕು, ರೋಗಿಯನ್ನು ಬೇಗ ಗುರುತಿಸಬೇಕು ಎಂದು ಇಂದು ಮಕ್ಕಳೂ ಹೇಳುತ್ತಾರೆ. ಬಿಳಿನೊಣದ ವಿಷಯದಲ್ಲಿ ಮಾತ್ರ ನಾವಿನ್ನೂ 1958ರಲ್ಲೇ ನಿಂತಿದ್ದೇವೆ.

ಬಿಳಿನೊಣದ ಬಲವೇನು ನೋಡಿ. 600ಕ್ಕೂ ಹೆಚ್ಚು ಬಗೆಯ ಗಿಡಗಳ ಮೇಲೆ ಬದುಕಬಲ್ಲದು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ನೊಣವಾಗಲು ಮೂರು ವಾರ ಸಾಕು. ವಿಷದಿಂದ ನೂರರಲ್ಲಿ ತೊಂಬತ್ತೈದು ಸತ್ತವೆನ್ನಿ. ಉಳಿದ ಐದು ಯಾವುವು? ವಿಷ ತಡೆದುಕೊಂಡವು. ಮುಂದಿನ ಪೀಳಿಗೆ ಅವುಗಳದೇ. ಅದೇ ವಿಷದಿಂದ ಗುಲಗಂಜಿ ಹುಳ, ಜೇಡ, ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಡುವ ಕಣಜದಂಥ ಪುಟ್ಟ ಕೀಟ ಇವೆಲ್ಲ ಸಾಯುತ್ತವೆ. 1980ರ ದಶಕದ ಮಧ್ಯದಲ್ಲಿ ಆಂಧ್ರದ ಹತ್ತಿ ಸೀಮೆಯಲ್ಲಿ ಹೊಸ ಬಗೆಯ ಪೈರೆಥ್ರಾಯ್ಡ್ ವಿಷಗಳನ್ನು ಸುರಿದಾಗ ಬಿಳಿನೊಣ ಕಡಿಮೆಯಾಗಲಿಲ್ಲ, ಸ್ಫೋಟಿಸಿತು. 1999ರಲ್ಲಿ ನಮ್ಮದೇ ರಾಜ್ಯದ ಕೋಲಾರದಲ್ಲಿ ಹೊರಗಿನಿಂದ ಬಂದ ಹೊಸ ಬಗೆಯ ಬಿಳಿನೊಣ ಪತ್ತೆಯಾಯಿತು; ಟೊಮೆಟೊ ತೋಟಗಳಲ್ಲಿ ಎಲೆ ಮುಟುರು ಉಲ್ಬಣಿಸಿತು. 2015ರಲ್ಲಿ ಪಂಜಾಬಿನ ಹತ್ತಿ ಬೆಳೆಯ ಬಹುಭಾಗವನ್ನು ಬಿಳಿನೊಣ ಹಾಳುಗೆಡವಿತು. ಕಾಯಿಕೊರಕ ಹುಳುವಿಗೆಂದು ತಂದ ಬಿ.ಟಿ. ತಳಿ ರಸ ಹೀರುವ ಕೀಟವನ್ನೇನೂ ಮಾಡದು. ಪದೇಪದೇ ಸಿಂಪಡಿಸಿಯೂ ಸೋತ ರೈತರು ಕೊನೆಗೆ ರೈಲ್ವೆ ಹಳಿಗಳ ಮೇಲೆ ಕುಳಿತರು. ಇನ್ನೆಷ್ಟು ಸಲ ಸೋತರೆ ಪಾಠವಾದೀತು?

ಶತ್ರು ಬೆಳೆಯಲ್ಲೇ ಇರುತ್ತದೆಂಬುದೂ ಒಂದು ಭ್ರಮೆ. 1997ರಲ್ಲಿ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿಗೆ ಹೊಸದೊಂದು ಕೊಳೆತದ ರೋಗ ಕಾಣಿಸಿತು. 2000ನೆಯ ಇಸವಿಯಲ್ಲಿ ನಮ್ಮ ಗಡಿಗೆ ತಾಗಿದ ಅನಂತಪುರ ಜಿಲ್ಲೆಯಲ್ಲಿ ಲಕ್ಷಾಂತರ ಹೆಕ್ಟೇರಿನ ಶೇಂಗಾ ಬೆಳೆ ಕಾಂಡ ಸುಟ್ಟಂತಾಗಿ ನಾಶವಾಯಿತು. ಎರಡಕ್ಕೂ ಕಾರಣವಾದ ವೈರಸ್ ಸುಖವಾಗಿ ನೆಲೆಸಿದ್ದುದು ಎಲ್ಲಿ? ಬದುವಿನ ಮೇಲಿನ ಕಾಂಗ್ರೆಸ್ ಕಳೆಯಲ್ಲಿ, ಅಂದರೆ ಪಾರ್ಥೇನಿಯಂನಲ್ಲಿ. ಆ ಕಳೆಯಲ್ಲಿ ರೋಗದ ಲಕ್ಷಣ ಸಾಮಾನ್ಯವಾಗಿ ಕಾಣುವುದೇ ಇಲ್ಲ. ವೈರಸ್ ಅದರ ಪರಾಗದಲ್ಲಿರುತ್ತದೆ. ಪರಾಗ ಥ್ರಿಪ್ಸ್‌ನ ಮೈಗೆ ಅಂಟುತ್ತದೆ. ಥ್ರಿಪ್ಸ್ ಬೆಳೆಯ ಎಲೆಯನ್ನು ಕೆರೆದಾಗ ಆ ಗಾಯಕ್ಕೆ ಪರಾಗದೊಡನೆ ವೈರಸ್ ಇಳಿಯುತ್ತದೆ. ಕಳೆ ನಿಂತಿರುವವರೆಗೆ ಬೆಳೆಗೆ ಎಷ್ಟು ವಿಷ ಹೊಡೆದರೇನು, ಮರುದಿನ ಬದುವಿನಿಂದ ಹೊಸ ಥ್ರಿಪ್ಸ್ ಬರುತ್ತವೆ. ಹೂವಾಗುವ ಮೊದಲೇ ಕಳೆ ಕೀಳಿರಿ, ಬೆಳೆಯ ಸುತ್ತ ಜೋಳದ ಸಾಲು ಹಾಕಿರಿ ಎಂಬುದೇ ವಿಜ್ಞಾನಿಗಳು ಅಂದು ಕೊಟ್ಟ ಸಲಹೆ. ಸರಕಾರಿ ರಸ್ತೆಯ ಪಕ್ಕ, ಗೋಮಾಳ, ಶಾಲೆಯ ಮೈದಾನ ಎಲ್ಲೆಡೆ ಕಾಂಗ್ರೆಸ್ ಕಳೆಯನ್ನು ಬೆಳೆಯಬಿಟ್ಟ ಸಮಾಜ, ರೈತನೊಬ್ಬನಿಗೆ "ನೀನು ಸರಿಯಾಗಿ ಎಣ್ಣೆ ಹೊಡೆಯಲಿಲ್ಲ" ಎಂದು ಹೇಳುವುದು ಯಾವ ನ್ಯಾಯ?

"ರೋಗನಿರೋಧಕ ತಳಿ ಬಂದರೆ ಎಲ್ಲ ಸರಿಹೋಗುತ್ತದೆ" ಎಂಬ ಇನ್ನೊಂದು ಸಮಾಧಾನವಿದೆ. ತಳಿಗಳು ಬೇಕು, ಸಂಶೋಧಕರ ಶ್ರಮಕ್ಕೆ ನನ್ನ ನಮಸ್ಕಾರವಿದೆ. ಆದರೆ ಬೆಂಡೆಯ ಹಳದಿ ನಂಜುರೋಗದ ಚರಿತ್ರೆಯನ್ನು ಓದಬೇಕು. ಅದನ್ನು ಮೊದಲು ವರದಿ ಮಾಡಿದ್ದು 1924ರಲ್ಲಿ, ಮುಂಬಯಿ ಪ್ರಾಂತದಿಂದ. ರಾಣೆಬೆನ್ನೂರು ತಾಲ್ಲೂಕು ಧಾರವಾಡ ಜಿಲ್ಲೆಯೊಡನೆ ಆಗ ಅದೇ ಪ್ರಾಂತದಲ್ಲಿತ್ತು. ಬಿಳಿನೊಣವೇ ಅದರ ವಾಹಕವೆಂದು 1950ರಲ್ಲಿ ಸಿದ್ಧವಾಯಿತು. ಅನಂತರ ಪೂಸಾ ಸಾವನಿ, ಪರ್ಭಣಿ ಕ್ರಾಂತಿ, ಅರ್ಕಾ ಅನಾಮಿಕಾ ಎಂದು ಒಂದರ ಹಿಂದೊಂದು ತಳಿ ಬಂದವು. ಪ್ರತಿಯೊಂದೂ ಕೆಲವು ವರ್ಷ ರೋಗವನ್ನು ತಡೆಯಿತು, ಪ್ರತಿಯೊಂದರ ಶಕ್ತಿಯೂ ಕ್ರಮೇಣ ಕುಂದಿತು. ವೈರಸ್ ಬದಲಾಗುತ್ತದೆ. ಒಂದು ನೂರು ವರ್ಷದ ಈ ಓಟದಲ್ಲಿ ತಳಿಯನ್ನು ಮಾತ್ರ ಓಡಿಸಿ ನಾವು ಕಟ್ಟೆಯ ಮೇಲೆ ಕೂತಿದ್ದರೆ ಮೆಣಸಿನಲ್ಲೂ ಅದೇ ಆಗುತ್ತದೆ. ಅದರಲ್ಲೂ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಸುಕ್ಕು, ಕಡಿಮೆ ಖಾರ ಇವು ಈ ಮಣ್ಣಿನ ಹಳೆಯ ತಳಿಯ ಗುಣಗಳು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಊರಿನ ಹೆಸರಿನಲ್ಲಿ ಮನ್ನಣೆ ಪಡೆದು, ಊರಿನ ಹೊಲದಲ್ಲಿ ಗೋವಿನಜೋಳ ಬಿತ್ತುವಂತಾಯಿತಲ್ಲ ಎಂಬುದೇ ನನ್ನ ಸಂಕಟ. ಇಂದು ಬ್ಯಾಡಗಿಯ ಪೇಟೆಗೆ ಬರುವ ಚೀಲಗಳಲ್ಲಿ ಎಷ್ಟೋ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯವು.

ಸಾವಯವ ಬಂಧುಗಳಿಗೂ ಒಂದು ಮಾತು. ನೀವು ವಿಷ ಬೇಡವೆನ್ನುತ್ತೀರಿ, ಸರಿ. ಆದರೆ ವಿಷದ ಡಬ್ಬಿಯ ಜಾಗದಲ್ಲಿ ಗೋಮೂತ್ರದ ಕೊಡವನ್ನಿಟ್ಟು ಅದೇ ಪಂಪಿನಿಂದ ಅದೇ ರೋಗದ ಗಿಡಕ್ಕೆ ಹೊಡೆದು "ವಾಸಿಯಾಗುತ್ತದೆ" ಎಂದರೆ, ಡಬ್ಬಿ ಬದಲಾಯಿತೇ ಹೊರತು ಬುದ್ಧಿ ಬದಲಾಗಲಿಲ್ಲ. ಬೇವಿನ ಕಷಾಯ ಕೀಟವನ್ನು ಸ್ವಲ್ಪ ದೂರವಿಟ್ಟೀತು. ಒಳಹೊಕ್ಕ ವೈರಸ್ಸನ್ನು ಹೊರತರಲಾರದು. ಅದೇ ರೀತಿ, ಕೀಟನಾಶಕ ಸರ್ವಥಾ ಕೂಡದೆಂಬ ಹಟವೂ ನನ್ನದಲ್ಲ. ಸಸಿಮಡಿಯಲ್ಲಿ, ಎಳೆಯ ವಯಸ್ಸಿನಲ್ಲಿ, ತಿಳಿದವರ ಸಲಹೆಯಂತೆ ಅಳತೆಯಲ್ಲಿ ಬಳಸಿದರೆ ಅದಕ್ಕೊಂದು ಪಾತ್ರವಿದೆ. ಅದು ನಾಟಕದ ಒಂದು ಪಾತ್ರ, ಇಡೀ ನಾಟಕವಲ್ಲ.

ಹಾಗಾದರೆ ಈ ತಪ್ಪು ತಿಳಿವಳಿಕೆ ಇಷ್ಟು ದಿನ ಬಾಳುವುದೇಕೆ? ಏಕೆಂದರೆ ಸರಿಯಾದ ಸಲಹೆಯಲ್ಲಿ ಮಾರುವ ವಸ್ತುವಿಲ್ಲ. "ರೋಗದ ಗಿಡ ಕೀಳು" ಎಂದರೆ ಯಾವ ಅಂಗಡಿಗೆ ಲಾಭ? ರೈತನ ಹೊಲಕ್ಕೆ ಅತಿ ಸಮೀಪದ ಸಲಹೆಗಾರ ವಿಷ ಮಾರುವವನೇ ಆಗಿದ್ದಾನೆ. ರೈತ ಒಂದು ಎಲೆ ಕಿತ್ತು ತಂದು ತೋರಿಸುತ್ತಾನೆ. ಅವನು ಎಲೆಯನ್ನೂ ರೈತನ ಜೇಬನ್ನೂ ನೋಡಿ ಮೂರು ಡಬ್ಬಿ ಇಡುತ್ತಾನೆ. ವೈದ್ಯನೂ ಔಷಧಿ ಅಂಗಡಿಯವನೂ ಒಬ್ಬನೇ ಆದರೆ ಚೀಟಿ ಉದ್ದವಾಗುವುದು ಸಹಜ. ನಮ್ಮ ತಾಲ್ಲೂಕಿನ ಹನುಮನಮಟ್ಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿ ತಿಳಿದವರಿದ್ದಾರೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಆದರೆ ಎಲೆ ಹಿಡಿದು ಅಲ್ಲಿಗೆ ಹೋಗುವ ರೈತರೆಷ್ಟು ಮಂದಿ, ರೈತನಿಗಾಗಿ ಹೊಲದವರೆಗೆ ಬರಬಲ್ಲಷ್ಟು ಸಿಬ್ಬಂದಿಯನ್ನು ಸರಕಾರ ಕೊಟ್ಟಿದೆಯೇ, ಎಂದು ಇಬ್ಬರನ್ನೂ ಕೇಳಬೇಕಾಗಿದೆ.

ಸರಿಯಾದ ದಾರಿ ಗುಟ್ಟೇನಲ್ಲ. ಸಸಿಯನ್ನು ನೈಲಾನ್ ಪರದೆಯ ಕೆಳಗೆ ಬೆಳೆಸಬೇಕು, ಏಕೆಂದರೆ ಎಳೆಯ ವಯಸ್ಸಿನಲ್ಲಿ ಸೋಂಕು ತಗುಲಿದ ಗಿಡದಿಂದಲೇ ಅತಿ ಹೆಚ್ಚು ನಷ್ಟ. ಪರದೆಯೆಂದರೆ ನಮಗೆ ಅಪರಿಚಿತವೇ? ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರು ಸೀಮೆಯಲ್ಲಿ ತರಕಾರಿ ಬೀಜದ ಗಿಡಗಳನ್ನು ಪರದೆಯ ಮನೆಯೊಳಗೆ ಬೆಳೆಸುವುದನ್ನು ದಿನವೂ ನೋಡುತ್ತೇವೆ. ಕಂಪನಿಯ ಬೀಜಕ್ಕೆ ಪರದೆ, ನಮ್ಮ ಸಸಿಗೆ ಬಯಲು! ಎರಡನೆಯದಾಗಿ, ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ ಅಥವಾ ಬಿಳಿಜೋಳವನ್ನು ಮೊದಲೇ ಬಿತ್ತಬೇಕು. ಹಾರಿಬಂದ ಹೇನು ಮೊದಲು ಅಲ್ಲಿ ಇಳಿದು ಬಾಯಿ ಚುಚ್ಚಿದರೆ ತುದಿಗೆ ಅಂಟಿದ ವೈರಸ್ ಅಲ್ಲೇ ಕಳೆದುಹೋಗುತ್ತದೆ. ಮೂರನೆಯದಾಗಿ, ನಾಟಿಯಾದ ಮೊದಲ ವಾರಗಳಲ್ಲಿ ರೋಗ ಕಂಡ ಗಿಡವನ್ನು ನಿರ್ದಾಕ್ಷಿಣ್ಯವಾಗಿ ಕಿತ್ತು ಸುಡಬೇಕು. ಕೊನೆಯದು ಮತ್ತು ಅತಿ ಮುಖ್ಯವಾದದ್ದು: ಕೊಯಿಲು ಮುಗಿದ ಮೇಲೆ ಹಳೆಯ ಗಿಡಗಳನ್ನು ಹೊಲದಲ್ಲಿ ನಿಲ್ಲಬಿಡಬಾರದು. ಬೇಸಿಗೆಯುದ್ದಕ್ಕೂ ನಿಂತ ಹಳೆಯ ಮೆಣಸು, ಟೊಮೆಟೊ ಮತ್ತು ಕಳೆಗಳಲ್ಲೇ ವೈರಸ್ ಮುಂದಿನ ಮುಂಗಾರಿನವರೆಗೆ ಜೀವ ಹಿಡಿದಿರುತ್ತದೆ.

ಈ ಕೊನೆಯದನ್ನು ಒಬ್ಬ ಮಾಡಿ ಪ್ರಯೋಜನವಿಲ್ಲ. ನಾನು ಕಿತ್ತೆ, ನೆರೆಯವನು ಬಿಟ್ಟ ಎಂದರೆ ನೊಣಕ್ಕೆ ಬದು ಅಡ್ಡವಲ್ಲ, ಪಹಣಿ ಪತ್ರಿಕೆಯೂ ಅಡ್ಡವಲ್ಲ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ 1990ರ ದಶಕದಲ್ಲಿ ಇಂಥದೇ ವೈರಸ್ ಟೊಮೆಟೊ ಬೆಳೆಯನ್ನು ನೆಲಕಚ್ಚಿಸಿತು. ವರ್ಷದಲ್ಲಿ ಮೂರು ತಿಂಗಳು ಬಿಳಿನೊಣಕ್ಕೆ ಆಸರೆಯಾಗುವ ಬೆಳೆಗಳನ್ನು ಯಾರೂ ಬೆಳೆಯಕೂಡದೆಂದು ಅಲ್ಲಿಯ ಸರಕಾರ ಕಟ್ಟಳೆ ಮಾಡಿತು. ಇತರ ಕ್ರಮಗಳೊಡನೆ ಅದು ಫಲಿಸಿತು. ಟೊಮೆಟೊ ಮರಳಿ ಬಂತು. ಇಸ್ರೇಲಿನ ಅರಾವಾ ಕಣಿವೆಯ ರೈತರೂ ಬೇಸಿಗೆಯ ಕೆಲವು ವಾರ ಟೊಮೆಟೊ ಇಲ್ಲದಂತೆ ನೋಡಿಕೊಂಡು ಲಾಭ ಕಂಡರು. ವಾಹಕವಿದ್ದರೂ ಒಯ್ಯಲು ವೈರಸ್ ಇಲ್ಲ, ವೈರಸ್ಸಿಗೆ ಇರಲು ಗಿಡವಿಲ್ಲ. ಮೂವರ ವ್ಯವಹಾರದಲ್ಲಿ ಒಬ್ಬನನ್ನು ಕೆಲಕಾಲ ಹೊರಗಿಟ್ಟರೆ ಅಂಗಡಿ ತಾನಾಗಿ ಮುಚ್ಚುತ್ತದೆ.

"ಅದೆಲ್ಲ ಪರದೇಶದ ಮಾತು. ನಮ್ಮೂರಲ್ಲಿ ಯಾರು ಯಾರ ಮಾತು ಕೇಳುತ್ತಾರೆ?" ಎಂದು ಹೇಳುವವರಿಗೆ ನಾನೊಂದು ಕೇಳುತ್ತೇನೆ. ಗ್ರಾಮದೇವತೆಯ ಜಾತ್ರೆಗೆ ಮೊದಲು ನಮ್ಮ ಸೀಮೆಯ ಊರುಗಳಲ್ಲಿ ವಾರ ಹಿಡಿಯುತ್ತಾರಲ್ಲ, ಅದು ಯಾವ ದೇಶದ ಮಾತು? ಆ ಮಂಗಳವಾರಗಳಂದು ಯಾರೂ ನೇಗಿಲು ಹೂಡುವುದಿಲ್ಲ. ಬಡವನೂ ಹೂಡುವುದಿಲ್ಲ, ಗೌಡನೂ ಹೂಡುವುದಿಲ್ಲ. ಪೊಲೀಸರಿಲ್ಲ, ದಂಡದ ರಸೀದಿಯಿಲ್ಲ. ಡಂಗುರ ಸಾರಿದರೆ ಸಾಕು. ದೇವಿಯ ಹೆಸರಿನಲ್ಲಿ ಐದು ವಾರ ಕೈಕಟ್ಟಿ ಕೂರಬಲ್ಲ ಊರಿಗೆ, ತನ್ನ ಅನ್ನದ ಹೆಸರಿನಲ್ಲಿ ಒಂದೇ ದಿನ ಎಲ್ಲರೂ ಸೇರಿ ಹಳೆಯ ಗಿಡ ಕೀಳುವುದು ಅಸಾಧ್ಯವೇ? ಹಳೆಯ ಮೆಣಸು ಕೀಳಲು ಒಂದು ವಾರ, ಬದುವಿನ ಕಾಂಗ್ರೆಸ್ ಕಳೆಗೆ ಒಂದು ವಾರ, ಸಸಿ ಹಾಕಲು ಎಲ್ಲರಿಗೂ ಒಂದು ಗೊತ್ತಾದ ವಾರ. ಇಷ್ಟನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡಿ ಡಂಗುರ ಸಾರಿಸಿದರೆ ಯಾವ ಕಾಯಿದೆಯೂ ಅಡ್ಡಬರದು.

ಮೊನ್ನೆ ಆ ನನ್ನ ವಿದ್ಯಾರ್ಥಿಯ ಮನೆಗೆ ಹೋಗಿದ್ದೆ. ಮುಂದಿನ ಸಲ ಮ್ಯಾಣಸಿನಕಾಯಿ ಹಾಕುವುದಿಲ್ಲ, ಗೋವಿನಜೋಳ ಹಾಕುತ್ತೇನೆ ಎಂದ. ಪರೀಕ್ಷೆಯ ಪ್ರಸಂಗವನ್ನು ನೆನಪಿಸಿ, ಅಂದು ನೀನು ಬರೆದದ್ದೇ ಸರಿ, ನಾನು ಕಲಿಸಿದ್ದು ತಪ್ಪು ಎಂದೆ. ಅವನಿಗೆ ಅದು ನೆನಪೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವ್ವ ಹಂಗ ಮಾಡತಿದ್ದದ್ದು ಖರೇರೀ ಸರ. ಆದ್ರ ಆಗ ಬಾಜೂ ಹೊಲದವರೂ ಹಂಗ ಮಾಡತಿದ್ರು" ಎಂದ.

ಇಷ್ಟು ಉದ್ದ ಬರೆದು ನಾನು ಹೇಳಲು ಹೊರಟದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಮುಂದಿನ ಗ್ರಾಮಸಭೆಗೆ ಅವನೂ ನಾನೂ ಒಟ್ಟಿಗೆ ಹೋಗುವುದೆಂದು ನಿಶ್ಚಯವಾಗಿದೆ. ಎಪ್ಪತ್ತು ದಾಟಿದ ಮೇಷ್ಟ್ರ ಮಾತನ್ನು ಕೇಳುವವರು ಎಷ್ಟು ಮಂದಿಯೋ ಕಾಣೆ. ಕೇಳದಿದ್ದರೆ ಬರುವ ಮುಂಗಾರಿನಲ್ಲಿ ಮತ್ತೆ ಅದೇ ವಾಸನೆ, ಅದೇ ಪಂಪು, ಹನ್ನೆರಡನೆಯ ಎಣ್ಣೆ. ನಿಮ್ಮ ಊರಿನಲ್ಲಿ ಹೇಗಿದೆ, ಯೋಚಿಸಿ ನೋಡಿ.